ಹಿಂಗೈಯಿಂದ ಮುಟ್ಟಿ ನೋಡುವುದು

ನಮ್ಮಪ್ಪ ಜ್ವರ ನೋಡುತ್ತಿದ್ದುದು ಹಿಂಗೈಯಿಂದ. ಅವ್ವ ಅಂಗೈಯನ್ನು ಹಣೆಯ ಮೇಲಿಟ್ಟು ‘ಮೈ ಸುಡಾಕತ್ತೈತಿ’ ಎಂದು ಹೇಳಿಯಾದ ಮೇಲೂ ಅಪ್ಪ ಬಂದು, ಬೆರಳುಗಳನ್ನು ಅರ್ಧ ಮಡಚಿ, ಕೈಯ ಹಿಂಬದಿಯನ್ನು ನಮ್ಮ ಕತ್ತಿನ ಪಕ್ಕಕ್ಕೆ ತಾಗಿಸಿ, ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ತೀರ್ಪು ಕೊಡುತ್ತಿದ್ದರು. ಅವರ ತೀರ್ಪೇ ಅಂತಿಮ. ಶಾಲೆ ತಪ್ಪಿಸಲು ಬಿಸಿಲಲ್ಲಿ ನಿಂತು ಹಣೆ ಕಾಯಿಸಿಕೊಂಡು ಬಂದ ದಿನಗಳಲ್ಲಿ ಅವ್ವನನ್ನು ನಂಬಿಸಲು ಸಾಧ್ಯವಾಗುತ್ತಿತ್ತೇ ಹೊರತು ಅಪ್ಪನನ್ನಲ್ಲ.

ಅದು ಅವರು ಕೆಲಸದಿಂದ ಮನೆಗೆ ತಂದಿದ್ದ ರೂಢಿ. ಬಳ್ಳಾರಿ ಸ್ಟೇಷನ್ನಿನಲ್ಲಿ, ಮೀಟರ್ ಗೇಜ್ ಕಾಲದಲ್ಲಿ, ಅಪ್ಪ ಗಾಡಿ ತಪಾಸಣೆಯ ಖಲಾಸಿಯಾಗಿದ್ದರು. ಉದ್ದ ಹಿಡಿಕೆಯ ಸಣ್ಣ ಸುತ್ತಿಗೆಯೊಂದನ್ನು ಹಿಡಿದು, ಬಂದು ನಿಂತ ಗಾಡಿಯ ಪಕ್ಕದಲ್ಲಿ ನಡೆಯುತ್ತ, ಪ್ರತಿ ಗಾಲಿಗೂ ಒಂದೊಂದು ಏಟು ಕೊಟ್ಟು ಕಿವಿಗೊಡುವುದು ಅವರ ಕೆಲಸ. ಗಾಲಿ ಗಟ್ಟಿಯಾಗಿದ್ದರೆ ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟಿದ್ದರೆ ಒಡೆದ ಮಡಕೆಯಂತೆ ಮೊದ್ದು ದನಿ ಬರುತ್ತದೆ. ಆಗಿನ ಗೂಡ್ಸ್ ಡಬ್ಬಿಗಳ ಅಚ್ಚಿನ ಎರಡೂ ತುದಿಗೆ ಆಕ್ಸಲ್ ಬಾಕ್ಸ್ ಎಂಬ ಕಬ್ಬಿಣದ ಪೆಟ್ಟಿಗೆ ಇರುತ್ತಿತ್ತು. ಅದರೊಳಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ದಾರದ ಮುದ್ದೆಯನ್ನು ತುಂಬಿರುತ್ತಿದ್ದರು. ಎಣ್ಣೆ ಬತ್ತಿದರೆ ಲೋಹಕ್ಕೆ ಲೋಹ ಉಜ್ಜಿ, ಪೆಟ್ಟಿಗೆ ಕಾದು, ದಾರ ಹೊತ್ತಿ, ಕಡೆಗೆ ಅಚ್ಚು ಮುರಿದು ಡಬ್ಬಿ ಹಳಿ ತಪ್ಪುವವರೆಗೂ ಹೋಗಬಹುದಿತ್ತು. ಇದಕ್ಕೆ ಹಾಟ್ ಆಕ್ಸಲ್ ಎಂದು ಹೆಸರು. ಪೆಟ್ಟಿಗೆ ಕಾದಿದೆಯೇ ಎಂದು ತಿಳಿಯಲು ಅಪ್ಪ ಹಿಂಗೈಯನ್ನು ತಾಗಿಸುತ್ತಿದ್ದರು, ಏಕೆಂದರೆ ಸುತ್ತಿಗೆ ಹಿಡಿದು ಹಿಡಿದು ದಡ್ಡುಗಟ್ಟಿದ ಅಂಗೈಗೆ ಬಿಸಿ ತಣ್ಣಗಿನ ಭೇದ ಸರಿಯಾಗಿ ತಿಳಿಯುತ್ತಿರಲಿಲ್ಲ.

ಅಪ್ಪ ತೀರಿಕೊಂಡು ಹತ್ತು ವರ್ಷವಾಯಿತು. ಅವರ ಸುತ್ತಿಗೆ ನಮ್ಮ ಮನೆಯಲ್ಲಿಲ್ಲ. ನಿವೃತ್ತಿಯ ದಿನ ಅದನ್ನು ಸ್ಟೋರಿಗೆ ಒಪ್ಪಿಸಿ, ಸಹಿ ಹಾಕಿಸಿಕೊಂಡು, ಹಾರ ಹಾಕಿಸಿಕೊಂಡು ಬಂದಿದ್ದರು. ಈ ಸಲ ದಸರಾ ರಜೆಯಲ್ಲಿ ಮಕ್ಕಳನ್ನು ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವ ಯೋಚನೆ ಬಂದಾಗ, ನಿಜ ಹೇಳಬೇಕೆಂದರೆ, ಮಕ್ಕಳಿಗಿಂತ ಹೆಚ್ಚಾಗಿ ನನಗೇ ಆ ಸುತ್ತಿಗೆಯನ್ನು ಗಾಜಿನ ಪೆಟ್ಟಿಗೆಯೊಳಗಾದರೂ ಒಮ್ಮೆ ನೋಡುವ ಆಸೆಯಿತ್ತು. ಹೆಂಡತಿಯ ಸೋದರಮಾವನ ಮಗ ಹುಬ್ಬಳ್ಳಿಯ ಕಡೆಯಲ್ಲೇ ಬೋಗಿಗಳನ್ನು ತಪಾಸಣೆ ಮಾಡುವ ಡಿಪೋ ಒಂದರಲ್ಲಿ ಹಿರಿಯ ಫಿಟ್ಟರ್. ಅಂಥ ಜಾಗಕ್ಕೆ ಹೊರಗಿನವರು ಸುಮ್ಮನೆ ನುಗ್ಗುವಂತಿಲ್ಲವಾದ್ದರಿಂದ ಮೇಲಿನವರ ಲಿಖಿತ ಅನುಮತಿ ಬೇಕು; ಅವರು ಹದಿನೈದು ದಿನ ಓಡಾಡಿ ಅದನ್ನೂ ಕೊಡಿಸಿದರು. ಹೀಗೆ ಬೆಳಗ್ಗೆ ಮ್ಯೂಸಿಯಂ, ಮಧ್ಯಾಹ್ನ ಡಿಪೋ ಎಂದು ತೀರ್ಮಾನವಾಯಿತು. ಹೊರಟವರು ನಾನು, ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ. ಅಕ್ಕನ ಮಗ ಕೊಪ್ಪಳದಲ್ಲಿ ನಮ್ಮ ಡಬ್ಬಿಗೇ ಹತ್ತಿಕೊಳ್ಳುವುದೆಂದು ಮಾತಾಗಿತ್ತು.

ಮೈಸೂರಿನಿಂದ ರಾತ್ರಿಯೆಲ್ಲ ಓಡಿ ಬರುವ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಳ್ಳಾರಿಯವರು ಹತ್ತುವ ಹೊತ್ತಿಗೆ ಒಳಗಿದ್ದವರೆಲ್ಲ ಹೊದಿಕೆಯೊಳಗಿರುತ್ತಾರೆ. ಹಾಗಾಗಿ ಮೊದಲ ಒಂದು ಗಂಟೆ ಮಕ್ಕಳನ್ನು ಬಾಗಿಲ ಬಳಿಯ ಕಿಟಕಿಗೆ ಒತ್ತರಿಸಿಕೊಂಡು ಪಿಸುಮಾತಿನಲ್ಲೇ ಕಳೆಯಬೇಕಾಯಿತು. ತೋರಣಗಲ್ಲು ಬರುತ್ತಿದ್ದಂತೆ ಹಳಿಯ ನಡುವಿನ ಜಲ್ಲಿಯ ಬಣ್ಣವೇ ಬದಲಾಗುತ್ತದೆ. ಅದಿರಿನ ಗಾಡಿಗಳಿಂದ ಉದುರಿದ ಕೆಂಪು ಧೂಳು ಜಲ್ಲಿಗೂ ಗಿಡಗಳಿಗೂ ಸಿಗ್ನಲ್ ಕಂಬಗಳಿಗೂ ಮೆತ್ತಿ, ಊರಿಗೆ ಊರೇ ಕುಂಕುಮ ಚೆಲ್ಲಿದಂತೆ ಕಾಣುತ್ತದೆ. ಹೊಸಪೇಟೆ ದಾಟಿ ತುಂಗಭದ್ರೆಯ ಸೇತುವೆಯ ಮೇಲೆ ಗಾಡಿಯ ದನಿ ಬದಲಾದಾಗ ಮಗಳು ತಾನಾಗಿಯೇ ‘ಅಪ್ಪ, ಸೌಂಡ್ ಬ್ಯಾರೆ ಆತು’ ಎಂದಳು. ಈ ದಾರಿಯನ್ನು ಹಾಕಿದ್ದು ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ. 1876ರಿಂದ 1878ರವರೆಗೆ ಬಳ್ಳಾರಿ ಸೀಮೆಯನ್ನು ಬರಿದು ಮಾಡಿದ ಧಾತು ವರ್ಷದ ಬರದ ನೆರಳಿನಲ್ಲಿ, ಇನ್ನೊಂದು ಸಲ ಹಾಗಾದರೆ ಕಾಳು ತಲುಪಿಸಲು ದಾರಿಯಾದರೂ ಇರಲಿ ಎಂಬ ಲೆಕ್ಕಾಚಾರವೂ ಸೇರಿ, 1882ರಲ್ಲಿ ಹುಟ್ಟಿದ ಕಂಪನಿ ಅದು. ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಂತರವಿದ್ದ ಆ ದಾರಿ 1990ರ ದಶಕದಲ್ಲಿ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. ಈಗ ತಲೆಯ ಮೇಲೆ ವಿದ್ಯುತ್ ತಂತಿಯೂ ಬಂದಿದೆ. ಅಪ್ಪನ ನೌಕರಿಯ ಕಡೆಯ ವರ್ಷಗಳು ಈ ಬದಲಾವಣೆಯ ವರ್ಷಗಳೇ ಆಗಿದ್ದವು. ‘ಗಾಲಿ ದೊಡ್ಡದಾತು, ದನಿ ದಪ್ಪಾತು’ ಎಂಬ ಅವರ ಒಂದು ಸಾಲಿನ ವರದಿ ಇನ್ನೂ ನನ್ನ ಕಿವಿಯಲ್ಲಿದೆ.

ಕೊಪ್ಪಳದಲ್ಲಿ ಹತ್ತಿದ ಅಕ್ಕನ ಮಗ ಒಗ್ಗಾಣಿ, ಮಿರ್ಚಿಯ ಡಬ್ಬಿಯೊಂದಿಗೆ ಒಂದು ಆಟವನ್ನೂ ತಂದಿದ್ದ. ಪ್ರತಿ ಬೋಗಿಯ ಮೈಮೇಲೆ ಬರೆದಿರುವ ಸಂಖ್ಯೆಯ ಮೊದಲೆರಡು ಅಂಕಿಗಳು ಆ ಬೋಗಿ ತಯಾರಾದ ವರ್ಷವನ್ನು ಹೇಳುತ್ತವೆ ಎಂದು ಅವನು ಎಲ್ಲಿಯೋ ಕಲಿತಿದ್ದ. ಅದು ನಿಜವೇ. ಮುಂದಿನ ಸ್ಟೇಷನ್‌ಗಳಲ್ಲಿ ಪಕ್ಕದ ಹಳಿಯ ಗಾಡಿಗಳನ್ನು ನೋಡುತ್ತ, ತನಗಿಂತ ಹಿರಿಯ ಬೋಗಿ ಯಾವುದು, ಕಿರಿಯ ಬೋಗಿ ಯಾವುದು ಎಂದು ಮೂವರೂ ಪಟ್ಟಿ ಮಾಡಿಕೊಂಡರು. ತನ್ನ ಹುಟ್ಟಿದ ವರ್ಷದ ಬೋಗಿಯೇ ಸಿಗಲಿಲ್ಲವೆಂದು ಮಗ ಗದಗದವರೆಗೆ ಮುಖ ಊದಿಸಿಕೊಂಡಿದ್ದ.

ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದ್ದು ಜಗತ್ತಿನಲ್ಲೇ ಅತಿ ಉದ್ದದ್ದೆಂದು ಹೆಸರಾಗಿರುವುದರಿಂದ, ಅದನ್ನು ಈ ತುದಿಯಿಂದ ಆ ತುದಿಯವರೆಗೆ ನಡೆಯಲೇಬೇಕೆಂದು ಮಕ್ಕಳು ಹಟ ಹಿಡಿದರು. ಅರ್ಧ ದಾರಿಗೆ ಸಣ್ಣವನು ಹೆಗಲೇರಿದ. ದಾಖಲೆಯ ಉದ್ದವನ್ನು ಬರೀ ನಡೆಯುವುದರಲ್ಲಿ ಬೆವರಿನ ಹೊರತು ಬೇರೇನೂ ಸಿಗುವುದಿಲ್ಲ ಎಂಬುದು ನನ್ನ ಅನುಭವ.

ಮ್ಯೂಸಿಯಂ ಇರುವುದು ಸ್ಟೇಷನ್ನಿನ ಇನ್ನೊಂದು ಬದಿಗೆ, ಗದಗ ರಸ್ತೆಯ ಕಡೆ. 2020ರಲ್ಲಿ ತೆರೆದದ್ದು. ಹಳೆಯ ಕಾಲದ ಎರಡು ಕಟ್ಟಡಗಳಿಗೆ ಮಲಪ್ರಭಾ, ಘಟಪ್ರಭಾ ಎಂದು ಕೃಷ್ಣೆಯ ಎರಡು ಉಪನದಿಗಳ ಹೆಸರಿಟ್ಟು, ಒಳಗೆ ರೈಲ್ವೆಯ ಹಳೆಯ ಸಾಮಾನುಗಳನ್ನು ಜೋಡಿಸಿದ್ದಾರೆ. ಅಂಗಳದ ಎಂಜಿನ್ನಿನ ಮುಂದೆ ಮಕ್ಕಳು ಹತ್ತು ನಿಮಿಷ ಫೋಟೋಕ್ಕೆ ನಿಂತರು. ನಿಂತೇ ಇರುವ ಎಂಜಿನ್ನಿನಲ್ಲಿ ಎಷ್ಟು ಹೊತ್ತು ಆಸಕ್ತಿ ಉಳಿದೀತು? ಹಿಂದೆ ಶಾಲೆಯ ಪ್ರವಾಸದಲ್ಲಿ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದಾಗಲೂ ನನಗೆ ಹೀಗೇ ಅನಿಸಿತ್ತು. 1979ರಲ್ಲಿ ಆರಂಭವಾದ ಆ ಸಂಗ್ರಹಾಲಯದಲ್ಲಿ 1899ರ ಮಹಾರಾಣಿಯ ಸಲೂನ್ ಬೋಗಿಯಿದೆ. ಅಡುಗೆಮನೆ, ಮಲಗುವ ಕೋಣೆ ಎಲ್ಲವನ್ನೂ ಒಳಗೊಂಡ ಆ ವೈಭವವನ್ನು ಕಿಟಕಿಯಿಂದ ಇಣುಕಿ ನೋಡಿ ಬಂದು ಮನೆಯಲ್ಲಿ ವರ್ಣಿಸಿದಾಗ, ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಗಾಲಿ ನೋಡಿದೇನು?’ ನಾನು ನೋಡಿರಲಿಲ್ಲ.

ಒಳಗಿನ ಸಾಮಾನುಗಳಲ್ಲಿ ಮಕ್ಕಳನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಟೋಕನ್ ಯಂತ್ರ. ಒಂಟಿ ಹಳಿಯ ದಾರಿಯಲ್ಲಿ ಎದುರುಬದುರಿನಿಂದ ಎರಡು ಗಾಡಿಗಳು ಒಂದೇ ತುಂಡಿಗೆ ನುಗ್ಗಬಾರದು ಎಂಬುದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಅದು. ಅಕ್ಕಪಕ್ಕದ ಎರಡು ಸ್ಟೇಷನ್‌ಗಳಲ್ಲಿ ಒಂದೊಂದು ಯಂತ್ರ. ಎರಡಕ್ಕೂ ತಂತಿಯ ಸಂಪರ್ಕ. ಒಳಗೆ ಲೋಹದ ಚೆಂಡುಗಳು. ಎರಡೂ ಕಡೆಯ ಮಾಸ್ತರರು ಒಪ್ಪಿದರೆ ಮಾತ್ರ ಒಂದು ಕಡೆಯಿಂದ ಒಂದೇ ಒಂದು ಚೆಂಡು ಹೊರಬೀಳುತ್ತದೆ, ಮತ್ತು ಅದು ಇನ್ನೊಂದು ತುದಿಯ ಯಂತ್ರದ ಹೊಟ್ಟೆ ಸೇರುವವರೆಗೂ ಮತ್ತೊಂದು ಹೊರಗೆ ಬರುವುದಿಲ್ಲ. ಆ ಚೆಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ, ಓಡುವ ಗಾಡಿಯ ಡ್ರೈವರನಿಗೆ ಎತ್ತಿ ಕೊಡುತ್ತಿದ್ದರು. ಡ್ರೈವರ್ ತೋಳನ್ನು ಬಳೆಯೊಳಗೆ ತೂರಿಸಿ ಅದನ್ನು ಹಿಡಿಯುವುದನ್ನೂ, ಹಿಂದಿನ ಸ್ಟೇಷನ್ನಿನದನ್ನು ಎಸೆಯುವುದನ್ನೂ ನಾನು ಚಿಕ್ಕವನಿದ್ದಾಗ ಎಷ್ಟೋ ಸಲ ನೋಡಿದ್ದೇನೆ. ಮಗಳಿಗೆ ಇದು ತಟ್ಟನೆ ಹಿಡಿಸಿತು. ‘ಅಂದ್ರ ಚೆಂಡು ಯಾರ ಕೈಯಾಗ ಐತೋ ದಾರಿ ಅವರದು’ ಎಂದು ತಮ್ಮನಿಗೆ ವಿವರಿಸಿದಳು. ಸ್ಟೇಷನ್ ಮಾಸ್ತರರ ಕೈಪಿಡಿಯಲ್ಲಿ ಇದಕ್ಕಿಂತ ಚೆನ್ನಾಗಿ ಬರೆದಿರಲಾರರು.

ದಪ್ಪ ರಟ್ಟಿನ ಟಿಕೆಟ್ಟುಗಳು, ಸೀಮೆಎಣ್ಣೆಯ ಸಿಗ್ನಲ್ ದೀಪಗಳು, ಹಿತ್ತಾಳೆಯ ಗಂಟೆ, ಗೋಡೆ ಗಡಿಯಾರ: ಇವೆಲ್ಲವುಗಳ ಮುಂದೆ ನಾನು ನಿಧಾನವಾಗಿ ನಡೆದೆ. ಟಿಕೆಟ್ಟಿಗೆ ತಾರೀಖು ಒತ್ತುವ ಯಂತ್ರದ ‘ಟಕ್’ ಎಂಬ ಸದ್ದನ್ನು ಬಾಯಿಂದ ಮಾಡಿ ತೋರಿಸಿದೆ. ಮೊಬೈಲಿನಲ್ಲೇ ಟಿಕೆಟ್ ನೋಡಿದ ಮಕ್ಕಳಿಗೆ ಅದು ಅಪ್ಪನ ಇನ್ನೊಂದು ತಮಾಷೆಯಾಗಿ ಕಂಡಿತು. ಗಾಲಿಗೆ ಹೊಡೆಯುವ ಸುತ್ತಿಗೆ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಇದ್ದಿರಲೂಬಹುದು; ಮೂರು ಮಕ್ಕಳು ಮೂರು ದಿಕ್ಕಿಗೆ ಎಳೆಯುವಾಗ ಎಷ್ಟನ್ನು ನೋಡಲಾದೀತು. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಅದು ಸಿಕ್ಕಿದ್ದರೂ ಮಕ್ಕಳಿಗೆ ಏನು ತೋರಿಸುತ್ತಿದ್ದೆ ಎಂದು ಆಮೇಲೆ ಯೋಚಿಸಿದೆ. ಹಿಡಿಕೆಗೆ ಸಿಕ್ಕಿಸಿದ ಅರ್ಧ ಕಿಲೋ ಕಬ್ಬಿಣ, ಅಷ್ಟೇ. ಅಪ್ಪನ ವಿದ್ಯೆ ಇದ್ದದ್ದು ಸುತ್ತಿಗೆಯಲ್ಲಲ್ಲ, ಏಟಿಗೂ ಮುಂದಿನ ಹೆಜ್ಜೆಗೂ ನಡುವೆ ಅವರು ತಲೆಯನ್ನು ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದ ಅರ್ಧ ಕ್ಷಣದಲ್ಲಿ. ಅದಕ್ಕೆ ಚೀಟಿ ಅಂಟಿಸಿ ಇಡುವುದು ಯಾವ ಸಂಗ್ರಹಾಲಯಕ್ಕೂ ಕಷ್ಟವೇ.

ಊಟ ಮುಗಿಸಿ ಡಿಪೋದ ಗೇಟಿಗೆ ಹೋದಾಗ ಮಕ್ಕಳ ಮಾವ, ಅಂದರೆ ನಮ್ಮ ಫಿಟ್ಟರ್, ಮೂರು ಹೆಲ್ಮೆಟ್ ಹಿಡಿದು ಕಾಯುತ್ತಿದ್ದರು. ಸಣ್ಣವನದು ಮೂಗಿನವರೆಗೆ ಇಳಿಯುತ್ತಿತ್ತು. ಫೋಟೋ ತೆಗೆಯುವಂತಿಲ್ಲ, ಹಳದಿ ಗೆರೆ ದಾಟುವಂತಿಲ್ಲ, ತಾನು ಮುಟ್ಟಿದ ಮೇಲೆಯೇ ನೀವು ಮುಟ್ಟಬೇಕು ಎಂಬ ಮೂರು ಕಟ್ಟಳೆಗಳನ್ನು ಹೇಳಿ, ಮೂವರಿಂದಲೂ ಗಟ್ಟಿಯಾಗಿ ಹೇಳಿಸಿದರು. ಪಿಟ್ ಲೈನ್ ಎಂದರೆ ಹಳಿಗಳ ನಡುವೆ ಉದ್ದಕ್ಕೂ ತೋಡಿದ ಕಾಂಕ್ರೀಟ್ ಕಾಲುವೆ. ಗಾಡಿ ಮೇಲೆ ನಿಲ್ಲುತ್ತದೆ; ಕೆಲಸದವರು ಕೆಳಗಿಳಿದು, ತಲೆಯೆತ್ತಿ, ಅದರ ಹೊಟ್ಟೆಯನ್ನು ನೋಡುತ್ತಾರೆ. ಕೆಳಗೆ ಮನುಷ್ಯರಿರುವಾಗ ಯಾರೋ ಎಂಜಿನ್ ತಂದು ಮೇಲಿನ ಗಾಡಿಗೆ ಜೋಡಿಸಿಬಿಟ್ಟರೆ? ಅದಕ್ಕಾಗಿ ಸಾಲಿನ ಎರಡೂ ತುದಿಗೆ ಕೆಂಪು ಬಾವುಟ ನೆಟ್ಟು, ಹಳಿಗೆ ಅಡ್ಡ ತಡೆಯಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಆ ಪಾಳಿಯ ಮೇಲ್ವಿಚಾರಕರು ತಮ್ಮ ಬಳಿಯೇ ಇಟ್ಟುಕೊಳ್ಳುತ್ತಾರೆ. ಕೊನೆಯ ಮನುಷ್ಯ ಮೇಲೆ ಬರುವವರೆಗೂ ಅದು ಯಾರ ಕೈಗೂ ಹೋಗುವುದಿಲ್ಲ. ಇದನ್ನು ಕೇಳಿದ ಮಗಳು ನನ್ನ ತೋಳು ಜಗ್ಗಿ, ‘ಅದು ಚೆಂಡು, ಇದು ಚಾವಿ’ ಎಂದಳು. ಬೆಳಗಿನ ಟೋಕನ್ ಯಂತ್ರ ಇನ್ನೂ ಅವಳ ತಲೆಯಲ್ಲಿ ತಿರುಗುತ್ತಿತ್ತು.

ಕೆಳಗಿಳಿದ ಕೂಡಲೇ ನಮ್ಮೆಲ್ಲರ ಮೊದಲ ತಪ್ಪು ಬಯಲಾಯಿತು. ಜನ ಕೂರುವ ಡಬ್ಬಿಯನ್ನು ನಾವು ಬೋಗಿ ಎನ್ನುತ್ತೇವೆ. ಡಿಪೋದವರಿಗೆ ಅದು ಕೋಚ್. ಬೋಗಿ ಎಂದರೆ ಕೋಚಿನ ಕೆಳಗೆ ಆಚೆಗೊಂದು ಈಚೆಗೊಂದು ಇರುವ, ನಾಲ್ಕು ನಾಲ್ಕು ಗಾಲಿಗಳ ಉಕ್ಕಿನ ಚೌಕಟ್ಟು. ‘ನೀವು ಬೋಗಿಯೊಳಗ ಕುಂತು ಬಂದಿಲ್ರಿ, ಬೋಗಿ ಮ್ಯಾಲೆ ಕುಂತು ಬಂದೀರಿ’ ಎಂದು ಅವರು ನಕ್ಕರು. ಹಾಗೆಂದು ನಾನು ಇನ್ನು ಮುಂದೆ ಕೋಚ್ ಎನ್ನುತ್ತೇನೆಂದು ಭರವಸೆ ಕೊಡಲಾರೆ. ನಮ್ಮ ಭಾಷೆಯಲ್ಲಿ ಆ ಪದ ಎಷ್ಟೋ ವರ್ಷ ಓಡಿ ಬೇರೆಯೇ ಸ್ಟೇಷನ್ ಸೇರಿಯಾಗಿದೆ. ಅಂದು ಸಾಲಿನ ಮೇಲಿದ್ದದ್ದು ನೀಲಿ ಬಣ್ಣದ ಹಳೆಯ ಮಾದರಿಯ ಗಾಡಿ. ಚೆನ್ನೈನ ಪೆರಂಬೂರಿನಲ್ಲಿ 1955ರಲ್ಲಿ ಆರಂಭವಾದ ಕಾರ್ಖಾನೆ ದಶಕಗಟ್ಟಲೆ ತಯಾರಿಸಿ, 2018ರಲ್ಲಿ ನಿಲ್ಲಿಸಿದ ಮಾದರಿ ಇದು. ಈಗ ಅದರ ಜಾಗಕ್ಕೆ ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಕೋಚುಗಳು ಬರುತ್ತಿವೆ. ಹೊಸದರಲ್ಲಿ ಬ್ರೇಕು ಅಚ್ಚಿನ ಮೇಲಿನ ತಟ್ಟೆಯನ್ನು ಹಿಡಿಯುತ್ತದೆ. ಹಳೆಯದರಲ್ಲಿ ಬ್ರೇಕ್ ಬ್ಲಾಕುಗಳು ಗಾಲಿಯ ಮೈಯನ್ನೇ ಒತ್ತಿ ಹಿಡಿಯುತ್ತವೆ. ಈ ವ್ಯತ್ಯಾಸ ಅಂದು ನಮಗೆ ಎಷ್ಟು ಉಪಕಾರವಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಗಾಲಿ ನೋಡಲು ಚಪ್ಪಟೆಯಾಗಿ ಕಂಡರೂ ಚಪ್ಪಟೆಯಲ್ಲ. ಹಳಿಯ ಮೇಲೆ ಉರುಳುವ ಅದರ ಮೈ ಒಳಬದಿಗೆ ದಪ್ಪ, ಹೊರಬದಿಗೆ ಸ್ವಲ್ಪ ಸಣ್ಣ. ಇಪ್ಪತ್ತಕ್ಕೆ ಒಂದರ ಇಳಿಜಾರು. ಇದೇಕೆ ಎಂದು ಮಕ್ಕಳಿಗೆ ತಿಳಿಸಲು ಫಿಟ್ಟರ್ ಮಾವ ಚಹಾ ಕುಡಿದಿಟ್ಟಿದ್ದ ಎರಡು ಕಾಗದದ ಕಪ್ಪುಗಳನ್ನು ತಂದು, ಬಾಯಿಗೆ ಬಾಯಿ ಹೊಂದಿಸಿ, ಟೇಪು ಸುತ್ತಿದರು. ಎರಡು ಕಬ್ಬಿಣದ ಸಲಾಕೆಗಳನ್ನು ಹಳಿಯಂತೆ ಸ್ವಲ್ಪ ಇಳಿಜಾರಾಗಿ ಇಟ್ಟು, ಕಪ್ಪಿನ ಜೋಡಿಯನ್ನು ಬೇಕೆಂದೇ ಓರೆಯಾಗಿ ಉರುಳಿಬಿಟ್ಟರು. ಅದು ಕುಡುಕನಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ, ತಾನಾಗಿಯೇ ನಡುವಿಗೆ ಬಂದು, ನೆಟ್ಟಗೆ ಉರುಳಿ ಹೋಯಿತು. ಆಮೇಲೆ ಕಪ್ಪುಗಳನ್ನು ಬಿಡಿಸಿ, ತಳಕ್ಕೆ ತಳ ಹೊಂದಿಸಿ ಬಿಟ್ಟರು. ಎರಡು ಗೇಣು ದಾಟುವ ಮೊದಲೇ ಪಕ್ಕಕ್ಕೆ ಉರುಳಿ ಬಿತ್ತು. ಎರಡೂ ಗಾಲಿಗಳು ಒಂದೇ ಅಚ್ಚಿಗೆ ಬಿಗಿದಿರುವುದರಿಂದ ತಿರುವಿನಲ್ಲಿ ಒಂದು ವೇಗವಾಗಿ ಇನ್ನೊಂದು ನಿಧಾನವಾಗಿ ತಿರುಗುವಂತಿಲ್ಲ. ತಿರುವು ಬಂದಾಗ ಜೋಡಿ ಹೊರಗಡೆಗೆ ಸ್ವಲ್ಪ ಸರಿದು, ಹೊರಗಿನ ಗಾಲಿ ತನ್ನ ದಪ್ಪ ಭಾಗದ ಮೇಲೂ ಒಳಗಿನದು ಸಣ್ಣ ಭಾಗದ ಮೇಲೂ ಉರುಳಿ, ಲೆಕ್ಕ ಸರಿಹೋಗುತ್ತದೆ. ಮಕ್ಕಳು ಆ ಕಪ್ಪುಗಳನ್ನು ಕೇಳಿ ಇಸಿದುಕೊಂಡರು. ಮ್ಯೂಸಿಯಮ್ಮಿನಿಂದ ಕೊಂಡ ಕೀಲಿಕೈ ಗೊಂಚಲು ಸಂಜೆಯೊಳಗೆ ಕಳೆದುಹೋಯಿತು. ಆ ಎಂಜಲು ಕಪ್ಪುಗಳು ಇನ್ನೂ ನಮ್ಮ ಮನೆಯಲ್ಲಿವೆ.

ಬ್ರೇಕಿನ ವಿಷಯದಲ್ಲಿ ನನಗೇ ತಪ್ಪು ತಿಳಿವಳಿಕೆ ಇತ್ತು. ಡ್ರೈವರ್ ಬ್ರೇಕ್ ಹಾಕಿದಾಗ ಕೊಳವೆಯಲ್ಲಿ ಗಾಳಿ ನುಗ್ಗಿ ಬ್ಲಾಕುಗಳನ್ನು ಒತ್ತುತ್ತದೆ ಎಂದುಕೊಂಡಿದ್ದೆ. ನಡೆಯುವುದು ತಿರುಗುಮುರುಗು. ಎಂಜಿನ್ನಿನಿಂದ ಕೊನೆಯ ಕೋಚಿನವರೆಗೆ ಹೋಗುವ ಬ್ರೇಕ್ ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ ಸದಾ ತುಂಬಿರುತ್ತದೆ. ಅದು ತುಂಬಿದ್ದರೆ ಬ್ರೇಕು ಬಿಟ್ಟಿದೆ ಎಂದರ್ಥ. ಡ್ರೈವರ್ ಗಾಳಿಯನ್ನು ಹೊರಬಿಟ್ಟು ಒತ್ತಡ ಇಳಿಸಿದಾಗ, ಪ್ರತಿ ಕೋಚಿನ ಕೆಳಗಿರುವ ಕವಾಟ ಅದನ್ನು ಗ್ರಹಿಸಿ, ಆ ಕೋಚಿನ ಸ್ವಂತ ತೊಟ್ಟಿಯಲ್ಲಿ ಕೂಡಿಟ್ಟ ಗಾಳಿಯನ್ನು ಬ್ರೇಕ್ ಸಿಲಿಂಡರಿಗೆ ಕಳಿಸುತ್ತದೆ. ಹೀಗಿರುವುದರಿಂದ ನಡುದಾರಿಯಲ್ಲಿ ಗಾಡಿ ಎರಡು ತುಂಡಾದರೂ, ಕೊಳವೆ ಒಡೆದರೂ, ಗಾಳಿ ಸೋರಿ ಎಲ್ಲ ಗಾಲಿಗಳೂ ತಾವಾಗಿಯೇ ಹಿಡಿದುಕೊಳ್ಳುತ್ತವೆ. ಸರಪಳಿ ಎಳೆದಾಗ ಆಗುವುದೂ ಇದೇ: ಕೊಳವೆಯ ಗಾಳಿ ಹೊರಬೀಳುತ್ತದೆ. ‘ಕೆಟ್ಟರ ನಿಲ್ಲಬೇಕು, ಓಡಬಾರ್ದು. ಅದಕ್ಕ ಹಿಂಗ ಮಾಡ್ಯಾರ’ ಎಂದರು ಮಾವ. ಅಕ್ಕನ ಮಗ ಇದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದ.

ಆಮೇಲೆ ಜೈವಿಕ ಶೌಚಾಲಯದ ತೊಟ್ಟಿಗಳ ಬಳಿ ಹೋದೆವು. ಹಿಂದೆ ಹಳಿಯ ಮೇಲೇ ಬೀಳುತ್ತಿದ್ದುದನ್ನು ಈಗ ಕೋಚಿನ ಅಡಿಯಲ್ಲಿ ನೇತುಹಾಕಿದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಕರಗಿಸಿ ನೀರು ಮತ್ತು ಅನಿಲವಾಗಿಸುತ್ತವೆ; ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರ ತಂತ್ರಜ್ಞಾನ. ಆದರೆ ಬ್ಯಾಕ್ಟೀರಿಯಾ ನೀರಿನ ಬಾಟಲಿಯನ್ನು ತಿನ್ನುವುದಿಲ್ಲ, ಗುಟ್ಕಾ ಚೀಟಿಯನ್ನು ತಿನ್ನುವುದಿಲ್ಲ, ಡೈಪರನ್ನೂ ತಿನ್ನುವುದಿಲ್ಲ. ಅಲ್ಲಿ ಕೈಗವಸು ತೊಟ್ಟ ಒಬ್ಬರು ಉದ್ದನೆಯ ಕೊಕ್ಕೆಯಿಂದ ಇವನ್ನೆಲ್ಲ ಒಂದೊಂದಾಗಿ ಎಳೆದು ತೆಗೆಯುತ್ತಿದ್ದರು. ಯಾವ ಮ್ಯೂಸಿಯಮ್ಮೂ ತೋರಿಸದ ಪ್ರದರ್ಶನ ಅದು. ಮಕ್ಕಳು ಮೂಗು ಮುಚ್ಚಿಕೊಂಡು, ಆದರೆ ಕಣ್ಣು ಮುಚ್ಚದೆ, ಪೂರ್ತಿ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಮಗ ನನ್ನ ಪಕ್ಕಕ್ಕೆ ಸರಿದು, ಕಳೆದ ಬೇಸಿಗೆಯಲ್ಲಿ ತಿರುಪತಿಗೆ ಹೋಗುವಾಗ ತನ್ನ ಕೆಂಪು ಆಟಿಕೆ ಕಾರನ್ನು ತಾನೇ ಅದರೊಳಗೆ ಬಿಟ್ಟಿದ್ದೆನೆಂದೂ, ‘ಎಲ್ಲಿಗೆ ಹೋಗ್ತೈತಿ ನೋಡೋಣಂತ’ ಹಾಗೆ ಮಾಡಿದೆನೆಂದೂ ಒಪ್ಪಿಕೊಂಡ. ಕಾರು ಕಳೆದುಹೋಯಿತೆಂದು ಆಗ ಅವನು ಅತ್ತಿದ್ದ, ನಾವು ಹೊಸದು ಕೊಡಿಸಿದ್ದೆವು.

ಕೊನೆಗೆ ನಾನೇ ಕೇಳಿದೆ: ಗಾಲಿಗೆ ಸುತ್ತಿಗೆಯಿಂದ ಹೊಡೆದು ನೋಡುವುದು ಈಗಲೂ ಇದೆಯೇ? ಗಾಲಿ, ಅಚ್ಚುಗಳ ಒಳಗಿನ ಬಿರುಕನ್ನು ಈಗ ಕಾರ್ಯಾಗಾರದಲ್ಲಿ ಶ್ರವಣಾತೀತ ತರಂಗದ ಯಂತ್ರದಿಂದ ಪತ್ತೆ ಹಚ್ಚುತ್ತಾರೆ. ಇಲ್ಲಿ ಸುತ್ತಿಗೆ ಉಳಿದಿರುವುದು ಬೋಲ್ಟು, ಪಿನ್ನು ಸಡಿಲವಾಗಿವೆಯೇ ಎಂದು ತಟ್ಟಿ ನೋಡಲು. ‘ಆದ್ರೂ ಗಾಲಿ ಗಾಲೀನ ಅಲ್ರಿ, ನುಡೀತೈತಿ’ ಎಂದು ಮಾವ ತಮ್ಮ ಸುತ್ತಿಗೆಯನ್ನು ಮಗಳ ಕೈಗೆ ಕೊಟ್ಟರು. ಅವಳು ಹೊಡೆದಳು. ಟಪ್ ಎಂದಿತು. ಅಕ್ಕನ ಮಗ ಹೊಡೆದ. ಮತ್ತೆ ಟಪ್. ನನ್ನ ಮುಖ ನೋಡಿ ಅವರಿಗೆ ನಗು ಬಂದಿರಬೇಕು. ಆಚೆ ತುದಿಯವರಿಗೆ ಕೂಗಿ ಹೇಳಿ ಕೊಳವೆಗೆ ಗಾಳಿ ಬಿಡಿಸಿದರು. ಬ್ರೇಕ್ ಬ್ಲಾಕು ನಿಟ್ಟುಸಿರಿನಂಥ ಸದ್ದಿನೊಂದಿಗೆ ಗಾಲಿಯಿಂದ ಒಂದು ಬೆರಳಿಗಿಂತ ಕಡಿಮೆ ಹಿಂದೆ ಸರಿಯಿತು. ‘ಈಗ ಹೊಡೀ.’ ಮಗಳು ಅದೇ ಗಾಲಿಗೆ ಅದೇ ಏಟು ಕೊಟ್ಟಳು. ಪಿಟ್ಟಿನ ಕಾಂಕ್ರೀಟ್ ಗೋಡೆಗಳ ನಡುವೆ ಆ ನಾದ ದೇವಸ್ಥಾನದ ಗಂಟೆಯಂತೆ ಉದ್ದಕ್ಕೆ ಎಳೆದುಕೊಂಡು ಹೋಯಿತು. ಹಿಡಿದ ಗಾಲಿ ನುಡಿಯುವುದಿಲ್ಲ, ಬಿಟ್ಟದ್ದು ನುಡಿಯುತ್ತದೆ. ಹೊಸ ಮಾದರಿಯ ಕೋಚಾಗಿದ್ದರೆ ಬ್ರೇಕು ಗಾಲಿಯ ಮೈಯನ್ನು ಮುಟ್ಟುವುದೇ ಇಲ್ಲವಾದ್ದರಿಂದ ಈ ಪಾಠ ಇಷ್ಟು ಸ್ಪಷ್ಟವಾಗಿ ಆಗುತ್ತಿರಲಿಲ್ಲ. ಮಗಳು ಎರಡನೆಯ ಗಾಲಿಗೆ ಹೊಡೆಯುವಾಗ, ಯಾರೂ ಹೇಳಿಕೊಡದಿದ್ದರೂ, ತಲೆಯನ್ನು ಸ್ವಲ್ಪ ಓರೆ ಮಾಡಿದಳು. ನಾನು ಅತ್ತ ತಿರುಗಿ, ಗೋಡೆಯ ಮೇಲಿನ ಸುರಕ್ಷತಾ ಫಲಕವನ್ನು ಎರಡು ಸಲ ಓದಿದೆ.

ಆಕ್ಸಲ್ ಬಾಕ್ಸಿನಲ್ಲಿ ಈಗ ಎಣ್ಣೆಯ ಮುದ್ದೆ ಇಲ್ಲ, ಗ್ರೀಸು ತುಂಬಿದ ರೋಲರ್ ಬೇರಿಂಗ್ ಇದೆ. ಆದರೆ ಬೇರಿಂಗೂ ಕಾಯುತ್ತದೆ, ಹಾಗಾಗಿ ನೋಡುವುದು ತಪ್ಪಿಲ್ಲ. ಮಾವ ಜೇಬಿನಿಂದ ಪಿಸ್ತೂಲಿನಂಥ ಒಂದು ಸಾಧನವನ್ನು ತೆಗೆದು ಬಾಕ್ಸಿನ ಕಡೆ ಗುರಿಯಿಟ್ಟರು. ಕೆಂಪು ಚುಕ್ಕೆ ಬಿದ್ದು, ಪರದೆಯ ಮೇಲೆ ಉಷ್ಣಾಂಶ ಮೂಡಿತು. ‘ಕೊರೊನಾದಾಗ ಹಣೆಗೆ ಹಿಡೀತಿದ್ದರಲ್ಲ, ಅದು!’ ಎಂದು ಅಕ್ಕನ ಮಗ ಕೂಗಿದ. ಹೌದು, ಅದೇ ಜಾತಿಯದು. ಹಾಗಾದರೆ ಗಾಡಿಗೂ ಜ್ವರ ನೋಡುತ್ತಾರೆಯೇ ಎಂದು ಸಣ್ಣವನು ಕೇಳಿದಾಗ, ನಾನು ಅವನ ಹೆಲ್ಮೆಟ್ ಎತ್ತಿ, ಬೆರಳು ಮಡಚಿ, ಹಿಂಗೈಯನ್ನು ಅವನ ಕತ್ತಿನ ಪಕ್ಕಕ್ಕೆ ಇಟ್ಟು, ‘ನಿಮ್ಮ ತಾತ ಗಾಡಿಗೂ ನಮಗೂ ಹಿಂಗ ನೋಡ್ತಿದ್ದರು’ ಎಂದೆ. ಮೂವರೂ ನಿಂತಿದ್ದ ಗಾಡಿಯ ಬಾಕ್ಸಿಗೆ ಹಿಂಗೈ ತಾಗಿಸಿ ನೋಡಿದರು. ತಣ್ಣಗಿತ್ತು. ಮಾವ ಮತ್ತೆ ಸಾಧನ ಹಿಡಿದು ಪರೀಕ್ಷಿಸಿ, ‘ಸರಿ ಹೇಳಿದ್ರಿ’ ಎಂದು ಗಂಭೀರವಾಗಿ ತಲೆಯಾಡಿಸಿದರು.

ಸಂಜೆಯ ಗಾಡಿಯಲ್ಲಿ ಹಿಂದಿರುಗುವಾಗ ಕೊಪ್ಪಳದಲ್ಲಿ ಅಕ್ಕ ಬಂದು ಮಗನನ್ನು ಇಳಿಸಿಕೊಂಡಳು. ಅವನ ಅಂಗಿಯ ಮೇಲಿನ ಗ್ರೀಸಿನ ಕಲೆಗಳಿಗೆ ನನ್ನನ್ನೇ ಹೊಣೆ ಮಾಡಿದಳು. ಹೊಸಪೇಟೆಯಿಂದ ಮುಂದೆ ಸಣ್ಣವನು ನನ್ನ ತೊಡೆಯ ಮೇಲೆ ನಿದ್ದೆ ಹೋದ. ಮಗಳು ಮಾತ್ರ ಕಿಟಕಿಯ ಸರಳಿಗೆ ಹಣೆ ಹಚ್ಚಿ ಎಚ್ಚರವಾಗಿದ್ದಳು. ಮಾವ ಹೊರಡುವಾಗ ಅವಳಿಗೊಂದು ಗುಟ್ಟು ಹೇಳಿದ್ದರು: ದೊಡ್ಡ ಸ್ಟೇಷನ್ನಿಗೆ ಗಾಡಿ ಬರುವಾಗ ಪ್ಲಾಟ್‌ಫಾರ್ಮಿನ ಆರಂಭದಲ್ಲಿ, ಹಳಿಯ ಮಟ್ಟಕ್ಕೆ ಕಣ್ಣಿಟ್ಟು, ಯಾರಾದರೂ ಕುಕ್ಕರಗಾಲಲ್ಲಿ ಕುಳಿತಿರುತ್ತಾರೆ ನೋಡು, ಉರುಳಿ ಬರುವ ಒಂದೊಂದು ಗಾಲಿಯನ್ನೂ ಅವರು ನೋಡುತ್ತಾರೆ, ಕೇಳುತ್ತಾರೆ, ಬ್ರೇಕು ಕಚ್ಚಿಕೊಂಡು ಜಾರಿ ಒಂದು ಕಡೆ ಸವೆದ ಗಾಲಿಯಿದ್ದರೆ ಅದು ಪ್ರತಿ ಸುತ್ತಿಗೂ ಟಕ್ ಎನ್ನುತ್ತದೆ, ತೂಗಾಡುವ ಭಾಗವಿದ್ದರೆ ಆಗಲೇ ಕಾಣುತ್ತದೆ. ಇಷ್ಟು ವರ್ಷ ಓಡಾಡಿದ ನಾನೂ ಗಾಡಿಯೊಳಗಿನಿಂದ ಅದನ್ನು ಗಮನಿಸಿರಲಿಲ್ಲ, ಏಕೆಂದರೆ ಆ ಹೊತ್ತಿಗೆ ಎಲ್ಲರೂ ಸೀಟಿನಡಿಯ ಚಪ್ಪಲಿ ಹುಡುಕುತ್ತಿರುತ್ತೇವೆ.

ಬಳ್ಳಾರಿ ಬಂತು. ರಾತ್ರಿಯ ಬೆಳಕಿನಲ್ಲಿ ಗುಡ್ಡದ ಕಪ್ಪು ಆಕಾರ ಹಿಂದೆ ಸರಿದು, ಗಾಡಿಯ ವೇಗ ಇಳಿದು, ಪ್ಲಾಟ್‌ಫಾರ್ಮಿನ ತುದಿ ಕಂಡಿತು. ಮಗಳು ತಮ್ಮನನ್ನು ಅಲುಗಾಡಿಸಿ ಎಬ್ಬಿಸಿದಳು. ಅಲ್ಲಿ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಒಬ್ಬರು ಕುಕ್ಕರಗಾಲಲ್ಲಿ ಕುಳಿತು, ಕೈಯಲ್ಲಿನ ದೊಡ್ಡ ಟಾರ್ಚಿನ ಬೆಳಕನ್ನು ಗಾಲಿಗಳ ಮೇಲೆ ಹಿಡಿದಿದ್ದರು. ಮಕ್ಕಳಿಬ್ಬರೂ ಸರಳುಗಳ ನಡುವಿನಿಂದ ಕೈ ಬೀಸಿದರು, ಸಣ್ಣವನು ‘ತಾತಾ’ ಎಂದೂ ಕೂಗಿದ. ಅವರಿಗೆ ಅಷ್ಟು ವಯಸ್ಸಾಗಿರಲಿಲ್ಲ. ಅವರು ತಲೆಯೆತ್ತಲಿಲ್ಲ. ನಮ್ಮ ಡಬ್ಬಿಯ ಮುಂದಿನ ಗಾಲಿಗಳು ಬೆಳಕಿನಲ್ಲಿ ಹಾದುಹೋದವು, ಹಿಂದಿನವೂ ಹಾದುಹೋದವು, ಆಮೇಲೆ ಮುಂದಿನ ಡಬ್ಬಿಯವು.